ವಾಡಿಯಿಂದ ತರುತ್ತಿದ್ದ ಗುಳಿಗೆ

ನಮ್ಮ ಮನೆಗೆ ಗುಳಿಗೆ ವಾಡಿಯಿಂದ ಬರುತ್ತಿತ್ತು. ಶಹಾಬಾದದಲ್ಲಿ ಔಷಧಿ ಅಂಗಡಿ ಇಲ್ಲವೆಂದಲ್ಲ. ಬಸ್‌ಸ್ಟ್ಯಾಂಡಿನಿಂದ ನಮ್ಮ ಓಣಿಗೆ ಬರುವಷ್ಟರಲ್ಲೇ ಬೇಕಾದಷ್ಟು ಸಿಗುತ್ತವೆ. ಆದರೆ ಆ ಅಂಗಡಿಗಳಲ್ಲಿ ಕೂತವರು ನಮ್ಮ ಮನೆಯವರ ಜೊತೆ ಶಾಲೆಗೆ ಹೋದವರು, ಇಲ್ಲವೆ ನಮ್ಮ ಮಾವನವರ ಹತ್ತಿರ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಕೊಂಡು ಮನೆ ಕಟ್ಟಿಸಿದವರು. ಅವರ ಮುಂದೆ ಫಿಟ್ಸಿನ ಗುಳಿಗೆಯ ಹೆಸರು ಹೇಳುವುದೂ ಒಂದೇ, ಓಣಿಯಲ್ಲಿ ಡಂಗುರ ಹೊಡೆಸುವುದೂ ಒಂದೇ. ಅದಕ್ಕೇ ಕಲ್ಲಿನ ಪಾಲಿಶ್ ಮಷೀನಿಗೆ ಸಾಮಾನು ತರುವ ನೆವ ಹೇಳಿ ಇವರು ತಿಂಗಳಿಗೊಮ್ಮೆ ವಾಡಿಗೆ ಹೋಗಿ ಬರುತ್ತಿದ್ದರು.

ಮದುವೆಗೆ ಮುಂಚೆ ನನ್ನ ಅಪ್ಪನೂ ಇದನ್ನೇ ಮಾಡುತ್ತಿದ್ದ. ನನ್ನ ತವರೂರು ಸೇಡಂ ತಾಲೂಕಿನ ಮುಧೋಳ. ಸೇಡಂನಲ್ಲಿ ಎಲ್ಲರೂ ಗುರುತಿನವರೆಂದು ಅಪ್ಪ ಅದನ್ನು ದಾಟಿಕೊಂಡು ಚಿತ್ತಾಪುರದವರೆಗೆ ಹೋಗುತ್ತಿದ್ದ. ಅಲ್ಲಿಯ ಒಬ್ಬ ಹಿರಿಯ ಡಾಕ್ಟರು, ನಾನು ಶಾಲೆಯ ಪ್ರಾರ್ಥನೆಯಲ್ಲಿ ಮೊದಲ ಸಲ ಬಿದ್ದಾಗ ಬರೆದುಕೊಟ್ಟ ಗುಳಿಗೆ ಅದು. ಅದನ್ನು ತಗೊಂಡಷ್ಟು ಕಾಲ ನಾನು ಬೀಳಲಿಲ್ಲ, ತಪ್ಪಿದಾಗ ಮಾತ್ರ ಮನೆಯಲ್ಲಿ ಬೀಳುತ್ತಿದ್ದೆ. ಡಿಗ್ರಿ ಮುಗಿಸಿದೆ, ಹೊಲಿಗೆ ಕಲಿತೆ. ಊರಿಗೆ ಮಾತ್ರ ನಾನು ತಿನ್ನುತ್ತಿದ್ದುದು ಶಕ್ತಿಯ ಗುಳಿಗೆ. ಗಂಡು ನೋಡಲು ಬಂದಾಗ ಅವ್ವ ನನ್ನನ್ನು ಅಡಿಗೆಮನೆಗೆ ಕರೆದು, “ಅದೊಂದು ಬಿಟ್ಟು ಎಲ್ಲಾ ಹೇಳು” ಎಂದಳು. ನಾನು ಹಾಗೇ ಮಾಡಿದೆ. ಹಾಡು ಬರುತ್ತದೆಂದು ಸಹ ಹೇಳಿದೆ, ಅದು ಬರುತ್ತಿರಲಿಲ್ಲ.

ಮದುವೆಯಾಗಿ ಸ್ವಲ್ಪ ದಿನಕ್ಕೆ ಗುಳಿಗೆ ತೀರಿ, ತವರಿನಿಂದ ಬರುವುದು ತಡವಾಗಿ, ನಾನು ಬಚ್ಚಲಲ್ಲಿ ಬಿದ್ದೆ. ಕಣ್ಣು ಬಿಟ್ಟಾಗ ಇವರು ನನ್ನ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಬಿಟ್ಟುಬಿಡುತ್ತಾರೆ ಎಂದುಕೊಂಡೆ. ಅವರು ಕೇಳಿದ್ದು ಒಂದೇ ಮಾತು: “ಗುಳಿಗಿ ಹೆಸರೇನು?” ಆಮೇಲೆ ಇನ್ನೊಂದು ಸೇರಿಸಿದರು: “ನಮ್ಮ ಅವ್ವಗ ಹೇಳೋದು ಬ್ಯಾಡ.” ಆಗ ನನಗಾದ ಸಮಾಧಾನ ಹೇಳತೀರದು. ಈಗ ನೆನೆದರೆ ಮುಖ ಬಿಸಿಯಾಗುತ್ತದೆ. ನನ್ನನ್ನು ಮುಚ್ಚಿಡಲು ಇನ್ನೊಬ್ಬರು ಸಿಕ್ಕರೆಂದು ಖುಷಿಪಟ್ಟವಳು ನಾನು.

ಬಸಿರಾದೆ. ಶಹಾಬಾದದ ಡಾಕ್ಟರಮ್ಮನ ಹತ್ತಿರ ತೋರಿಸಲು ಹೋಗುವಾಗೆಲ್ಲ ಅತ್ತೆ ಜೊತೆಗೇ ಇರುತ್ತಿದ್ದರು. ನಮ್ಮ ಅತ್ತೆ ಕೆಟ್ಟವರಲ್ಲ, ಆದರೆ ಬಾಯಿ ಜೋರು, ಕಣ್ಣು ಅದಕ್ಕಿಂತ ಜೋರು. “ಬೇರೆ ಏನಾದರೂ ಗುಳಿಗೆ ನಡೆದಿದೆಯೇ?” ಎಂದು ಡಾಕ್ಟರಮ್ಮ ಕೇಳಿದರೆ ನಾನು ಉತ್ತರ ಕೊಡುವ ಮೊದಲೇ ಅತ್ತೆ, “ಏನೂ ಇಲ್ರಿ, ನಮ್ಮ ಸೊಸಿ ಗಟ್ಟಿ ಅದಾಳ” ಎನ್ನುತ್ತಿದ್ದರು. ನಾನು ಗಟ್ಟಿಯಾಗಿರುವವಳಂತೆ ತಲೆ ಆಡಿಸುತ್ತಿದ್ದೆ. ಹೀಗೆ ಬಸಿರು ನೋಡುವ ಡಾಕ್ಟರಿಗೆ ಫಿಟ್ಸು ಗೊತ್ತಿಲ್ಲ, ಫಿಟ್ಸಿನ ಡಾಕ್ಟರಿಗೆ ಬಸಿರು ಗೊತ್ತಿಲ್ಲ. ಎರಡೂ ಗೊತ್ತಿದ್ದವಳು ನಾನು, ಮತ್ತು ನಾನು ಬಾಯಿ ಬಿಡಲಿಲ್ಲ. ಗುಳಿಗೆ ಬಿಡೋಣವೆಂದು ಎಷ್ಟೋ ಸಲ ಅನ್ನಿಸಿತು, ಬಿದ್ದರೆ ಕೂಸಿಗೆ ಪೆಟ್ಟಾದೀತೆಂದು ಹೆದರಿ ನುಂಗುತ್ತಿದ್ದೆ. ನುಂಗಿದ ಮೇಲೆ ಕೂಸಿಗೆ ಏನಾದೀತೋ ಎಂದು ಹೊಟ್ಟೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಸೀಮಂತದ ಕುಬಸ ಮುಗಿಸಿ ತವರಿಗೆ ಕರೆದುಕೊಂಡು ಹೋದರು. ಹೆರಿಗೆ ಸೇಡಂನಲ್ಲಿ ಸುಸೂತ್ರವಾಗಿ ಆಯಿತು. ಹೆಣ್ಣು ಕೂಸು, ತಲೆ ತುಂಬ ಕೂದಲು. ಅತ್ತಾಗ ಅವ್ವ ಅಂದಳು, “ಇದರ ಗಂಟಲಾ ನೋಡು, ನಿಮ್ಮತ್ತಿದ ಅದ.” ಎಲ್ಲರೂ ನಕ್ಕೆವು. ನಾನು ದೇವರಿಗೆ ಕೈ ಮುಗಿದೆ, ಪಾರಾದೆ ಎಂದುಕೊಂಡೆ.

ಮುಧೋಳಕ್ಕೆ ಬಂದ ಮೇಲೆ ಅವ್ವನಿಗೆ ಒಂದು ಯೋಚನೆ ಹೊಳೆಯಿತು. ನನ್ನ ಹಾಸಿಗೆಯ ಪಕ್ಕ ಕೂತು, ಯಾರಿಗೂ ಕೇಳದ ಹಾಗೆ ಕೇಳಿದಳು: “ನೀ ತಿನ್ನೂ ಗುಳಿಗಿ ಹಾಲಿನ್ಯಾಗ ಇಳೀತದೇನ?”

“ಇಳೀಬಹುದು ಅವ್ವಾ.”

“ಹಂಗಾದ್ರ ಬ್ಯಾಡ. ಹಸೀ ಕೂಸಿಗೆ ಆ ವಿಷ ಯಾಕ? ಹೊಟ್ಟ್ಯಾಗಿದ್ದಾಗ ಕುಡ್ದದ್ದೇ ಸಾಕು.”

ಯಾರನ್ನಾದರೂ ಕೇಳಬಹುದಿತ್ತು. ಕೇಳಬೇಕಾದರೆ ಹೇಳಬೇಕಿತ್ತು. ಹಾಗಾಗಿ ಅಪ್ಪ ಡಬ್ಬಿ ಹಾಲಿನ ಪುಡಿ ತಂದ, ಅವ್ವ ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕಲೆಸಿ ಕುಡಿಸಿದಳು. ನೋಡಲು ಬಂದ ಹೆಂಗಸರಿಗೆ, “ಹಾಲು ಇನ್ನಾ ಇಳಿದಿಲ್ರಿ” ಎಂದು ಹೇಳುತ್ತಿದ್ದಳು. ಹಾಲಿಗೇನು ಬರವಿರಲಿಲ್ಲ. ಎದೆ ಕಲ್ಲಾಗಿ ಜ್ವರ ಬರುವಷ್ಟು ಇಳಿಯುತ್ತಿತ್ತು. ಓಣಿಯ ಹೆಂಗಸರು ಮರುಗಿ ಮರುಗಿ ಅಳವಿ ಬೀಜದ ಪಾಯಸ ಮಾಡಿ ತಂದರು, ಬೆಳ್ಳುಳ್ಳಿ ಹುರಿದು ತಂದರು. ಹಾಲು ಹೆಚ್ಚಲೆಂದು ಅವರು ತಂದಿದ್ದನ್ನು ಅವರೆದುರೇ ತಿಂದು, ಅವರು ಹೋದ ಮೇಲೆ ಬಚ್ಚಲಿಗೆ ಹೋಗಿ ಹಾಲು ಹಿಂಡಿ ಚೆಲ್ಲುತ್ತಿದ್ದೆ. ಪಕ್ಕದ ಕೋಣೆಯಲ್ಲಿ ಕೂಸು ಅಳುತ್ತಿತ್ತು.

ಐದನೇ ದಿನದ ಪೂಜೆ, ನಮ್ಮ ಕಡೆ ಐದೇಶಿ ಎನ್ನುತ್ತಾರೆ, ಚೆನ್ನಾಗಿಯೇ ಆಯಿತು. ಅದಾದ ಮೇಲೆ ಕೂಸಿನ ಅಳು ಬದಲಾಯಿತು. ಹಸಿವಿನ ಅಳು ಗೊತ್ತಾಗುತ್ತದೆ, ಇದು ಅದಲ್ಲ. ತೆಳ್ಳಗೆ, ಚೂಪಾಗಿ, ಸಮಾಧಾನವೇ ಇಲ್ಲದ ಅಳು. ಬಾಟಲಿಗೆ ಬಾಯಿ ಹಾಕಿ ಹಪಹಪಿಸಿ ಚೀಪುವುದು, ಮರುಕ್ಷಣ ಎಲ್ಲ ಕಾರಿಕೊಳ್ಳುವುದು. ಮೇಲಿಂದ ಮೇಲೆ ಸೀನು, ಆಕಳಿಕೆ. ಕಣ್ಣು ಮುಚ್ಚಿತು ಎನ್ನುವಷ್ಟರಲ್ಲಿ ಬೆಚ್ಚಿ ಬಿದ್ದು ಕೈ ಚೆಲ್ಲುವುದು. ಅವ್ವ ಉಪ್ಪು ಮೆಣಸಿನಕಾಯಿ ಇಳಿಸಿ ದೃಷ್ಟಿ ತೆಗೆದಳು. ಅಪ್ಪ ದರ್ಗಾಕ್ಕೆ ಹೋಗಿ ತಾಯತ ತಂದು ಕಟ್ಟಿದ. ಯಾವುದಕ್ಕೂ ಕೂಸು ಕಿವಿಗೊಡಲಿಲ್ಲ.

ತೊಟ್ಟಿಲ ದಿನ ಶಹಾಬಾದದಿಂದ ಅತ್ತೆ, ಇವರು, ನೆಂಟರಿಷ್ಟರು ಒಂದು ಕ್ರೂಸರ್ ಗಾಡಿ ತುಂಬ ಬಂದರು. ಅತ್ತೆ ಕೈಕಾಲು ತೊಳೆದುಕೊಂಡವರೇ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡರು. ಸುತ್ತಿದ ಬಟ್ಟೆ ಬಿಚ್ಚಿ ಹೊಸ ಅಂಗಿ ಹಾಕಲು ಹೋದರು. ಕೂಸಿನ ಗದ್ದ ನಡುಗತೊಡಗಿತು, ಆಮೇಲೆ ಎರಡೂ ಕೈ, ಆಮೇಲೆ ಕಾಲು.

ನನ್ನ ಅವ್ವ ಆರತಿ ತಟ್ಟೆ ಹಿಡಿದು ನಿಂತಿದ್ದಳು. ತಟ್ಟೆ ಕೆಳಗಿಟ್ಟವಳೇ ಸೊಂಟದಲ್ಲಿದ್ದ ಕೀಲಿಕೈ ಗೊಂಚಲು ಕಿತ್ತು ಕೂಸಿನ ಮುಷ್ಟಿಯಲ್ಲಿ ತುರುಕಿದಳು. ಯಾರಾದರೂ ಫಿಟ್ಸು ಬಂದು ಬಿದ್ದರೆ ಕೈಯಲ್ಲಿ ಕಬ್ಬಿಣ ಹಿಡಿಸುವುದು ನಮ್ಮ ಕಡೆಯ ರೂಢಿ. ಅದರಿಂದ ಏನೂ ಆಗುವುದಿಲ್ಲ, ಆದರೂ ಎಲ್ಲರೂ ಮಾಡುತ್ತಾರೆ. ಅವ್ವನಂತೂ ನನಗಾಗಿ ಎಷ್ಟು ಸಲ ಹಾಗೆ ಓಡಿದ್ದಳೋ, ಆ ಕೈ ಯೋಚನೆ ಮಾಡಲಿಲ್ಲ.

ಅತ್ತೆ ಕೂಸನ್ನು ನೋಡಲಿಲ್ಲ, ಅವ್ವನನ್ನು ನೋಡಿದರು. “ಬೀಗತಿ, ಇದು ಫಿಟ್ಸಿಗಿ ಹಿಡಸೂದಲ್ಲ?”

“ಸುಮ್ನ ಹಿಡಸಿದ್ನಿರಿ. ಕೂಸು ನಡುಗ್ತು ಅಂತ.”

“ಭಾಳ ಜಲ್ದಿ ಹೋಯ್ತಲ್ಲ ನಿಮ್ಮ ಕೈ ಸೊಂಟಕ್ಕ.”

ಮನೆ ತುಂಬ ಹೆಂಗಸರು. ಇವರು, “ಮೊದಲ ದವಾಖಾನಿಗಿ ನಡೀರಿ” ಎಂದು ಕೂಸನ್ನು ಎತ್ತಿಕೊಂಡದ್ದರಿಂದ ಆ ಹೊತ್ತಿಗೆ ಪಾರಾದೆವು. ತೊಟ್ಟಿಲು ಕಟ್ಟಿದ ಹಾಗೇ ಉಳಿಯಿತು.

ಸೇಡಂನ ಒಂದು ಮಕ್ಕಳ ಆಸ್ಪತ್ರೆಯ ಬೆಂಚುಗಳ ಮೇಲೆ ನಾವು ನಾಲ್ವರು ಕೂತೆವು. ಒಂದು ಕಡೆ ಅವ್ವ, ಒಂದು ಕಡೆ ಅತ್ತೆ, ನಡುವೆ ನಾನು ಕೂಸಿನೊಂದಿಗೆ, ಎದುರಿಗೆ ಇವರು. ಎದುರಿನ ಗೋಡೆಯ ಮೇಲೆ ನಗುವ ಕೂಸಿನ ದೊಡ್ಡ ಚಿತ್ರ. ಚಿಂಚೋಳಿ ಕಡೆಯಿಂದ ಬಂದಿದ್ದ ಒಬ್ಬಾಕೆ ನನ್ನ ಕೂಸಿನ ಅಳು ಕೇಳಿ ಎದ್ದು ಬಂದು, “ಎದಿಗಿ ಹಾಕ್ಕೊ ತಂಗಿ, ಎಷ್ಟು ಹಸದದ” ಎಂದಳು. ನನ್ನ ರವಿಕೆ ಆಗಲೇ ತೊಯ್ದಿತ್ತು. ಸೆರಗು ಎಳೆದುಕೊಂಡೆ.

ಒಳಗಿದ್ದ ಡಾಕ್ಟರು ಹೆಂಗಸು, ಹೆಚ್ಚೂಕಡಿಮೆ ನನ್ನ ದೊಡ್ಡಕ್ಕನ ವಯಸ್ಸು. ಮೊದಲ ಪ್ರಶ್ನೆಯೇ ಅದು: “ಬಸಿರಿದ್ದಾಗ ಏನರೆ ಗುಳಿಗಿ ನಡದಿದ್ವೇನು? ನೋವಿಂದು, ನಿದ್ದಿದು, ಯಾವುದಾದ್ರೂ?”

ನಾನು ಇವರ ಮುಖ ನೋಡಿದೆ. ಇವರು ತಮ್ಮ ಚಪ್ಪಲಿ ನೋಡುತ್ತಿದ್ದರು. ಅವ್ವ ನನ್ನ ಬೆನ್ನಿಗೆ ಕೈ ಹಚ್ಚಿದಳು.

“ಇಲ್ರಿ,” ಎಂದೆ.

ಹಾಗಾದರೆ ಸೋಂಕಿರಬಹುದು, ರಕ್ತದಲ್ಲಿ ಏನಾದರೂ ಕಡಿಮೆಯಾಗಿರಬಹುದು, ಎಲ್ಲಾ ನೋಡಬೇಕು ಎಂದರು. ಕೂಸನ್ನು ಒಳಗೆ ಕರೆದೊಯ್ದರು. ಅದರ ಹಿಮ್ಮಡಿ ನನ್ನ ಹೆಬ್ಬೆರಳಿನಷ್ಟೂ ಇರಲಿಲ್ಲ. ಅಲ್ಲಿ ಚುಚ್ಚಿದರು, ಕೈಯಲ್ಲಿ ನರ ಸಿಗದೆ ಮತ್ತೆ ಚುಚ್ಚಿದರು. ಬಾಗಿಲ ಹೊರಗೆ ನಿಂತು ನಾನು ಪ್ರತಿಯೊಂದು ಅಳುವನ್ನೂ ಕೇಳಿದೆ. ನಾನು ಒಂದು ಮಾತು ಹೇಳಿದ್ದರೆ ಅಷ್ಟು ಚುಚ್ಚಬೇಕಾಗಿರಲಿಲ್ಲವೇನೋ. ಈ ಬರಹದಲ್ಲಿ ನನಗೆ ಬರೆಯಲು ಎಲ್ಲಕ್ಕಿಂತ ಕಷ್ಟವಾದ ಜಾಗ ಇದು. ಬಾಯಿ ಬಿಟ್ಟರೆ ಗಂಡನ ಮನೆ ಹೋಗುತ್ತದೆ, ಬಿಡದಿದ್ದರೆ ಕೂಸಿಗೆ ಸೂಜಿ. ತಾಯಿಯಾದವಳಿಗೆ ಇದರಲ್ಲಿ ಯೋಚಿಸುವುದು ಏನಿರುತ್ತದೆ ಎನ್ನುತ್ತೀರಿ. ನಾನು ಯೋಚಿಸಿದೆ. ನಿಂತುಕೊಂಡು, ಗೋಡೆಯ ಆ ನಗುವ ಕೂಸನ್ನು ನೋಡುತ್ತ ಯೋಚಿಸಿದೆ.

ಅತ್ತೆ ತಮ್ಮಷ್ಟಕ್ಕೆ ಎನ್ನುವಂತೆ ಅನ್ನುತ್ತಿದ್ದರು: “ನಮ್ಮ ಮನಿತನದಾಗ ಯಾರಿಗೂ ಇಂಥಾದ್ದಿಲ್ಲ. ಹೆಣ್ಣ ಕೂಸು. ಮುಂದ ಯಾರ್ ಮಾಡ್ಕೋತಾರ?”

ಡಾಕ್ಟರು ಮತ್ತೆ ಕರೆದರು. ಸಕ್ಕರೆ ಸರಿಯಿದೆ, ಸುಣ್ಣದ ಅಂಶ ಸರಿಯಿದೆ, ಕಾರಣ ಸಿಗುತ್ತಿಲ್ಲ. ಬೆನ್ನೆಲುಬಿನಿಂದ ನೀರು ತೆಗೆದು ನೋಡಬೇಕಾಗುತ್ತದೆ ಎಂದು, ಸಹಿ ಹಾಕಲು ಇವರ ಕೈಗೆ ಪೆನ್ನು ಕೊಟ್ಟರು. ಇವರು ಪೆನ್ನು ಹಿಡಿದು ನನ್ನ ಕಡೆ ನೋಡಿದರು.

“ಬ್ಯಾಡ್ರಿ,” ಎಂದೆ. “ಮೇಡಮ್ಮಾರ, ನನಗ ಫಿಟ್ಸ್ ಅದ. ಸಣ್ಣಾಕಿ ಇದ್ದಾಗಿಂದ ಗುಳಿಗಿ ತಗೊಳ್ಳಿಕತ್ತೀನಿ. ಬಸಿರಿದ್ದಾಗೂ ಬಿಟ್ಟಿಲ್ಲ.”

ಅತ್ತೆ ನನ್ನ ಹಿಂದೆಯೇ ನಿಂತಿದ್ದರು. ನಾನು ತಿರುಗಿ ನೋಡಲಿಲ್ಲ. ಡಾಕ್ಟರು ಬೈಯುತ್ತಾರೆಂದು ಕಾದೆ. ಅವರು ಕಾಗದ ಪಕ್ಕಕ್ಕಿಟ್ಟು, “ಯಾವ ಗುಳಿಗಿ?” ಎಂದರು. ಇವರು ಹೆಸರು ಹೇಳಿದರು, ವಾಡಿಯ ಅಂಗಡಿಯಲ್ಲಿ ಹೇಳಿ ಹೇಳಿ ರೂಢಿಯಾಗಿದ್ದ ಸಣ್ಣ ದನಿಯಲ್ಲಿ. “ಜೋರ್ಲೆ ಹೇಳ್ರಿ,” ಎಂದರು ಡಾಕ್ಟರು. ಇವರು ಜೋರಾಗಿ ಹೇಳಿದರು.

“ಎದಿಹಾಲು ಕೊಡ್ಲಿಕತ್ತೀರೇನು?”

“ಇಲ್ರಿ.”

ಅವ್ವ ಮುಂದೆ ಬಂದಳು. “ನಾನೇ ಬ್ಯಾಡ ಅಂದೀನ್ರಿ. ಗುಳಿಗಿ ಕೂಸಿಗಿ ಇಳೀಬಾರದಂತ.”

ಡಾಕ್ಟರು ಬಿಡಿಸಿ ಹೇಳಿದರು. ಹೊಟ್ಟೆಯಲ್ಲಿದ್ದಷ್ಟು ದಿನ ನನ್ನ ಗುಳಿಗೆ ನನ್ನ ರಕ್ತದಿಂದ ಕೂಸಿಗೂ ಹೋಗುತ್ತಿತ್ತು, ಅದರ ಮೈ ಅದಕ್ಕೆ ಹೊಂದಿಕೊಂಡಿತ್ತು. ಹುಟ್ಟಿದ ಮೇಲೆ ಒಮ್ಮೆಲೇ ನಿಂತುಹೋಯಿತು. ಹಾಲಿನಲ್ಲಿ ಇಳಿಯುವ ಸ್ವಲ್ಪ ಅಂಶ ಅದನ್ನು ನಿಧಾನಕ್ಕೆ ಬಿಡಿಸುತ್ತಿತ್ತೇನೋ, ಅದೂ ಸಿಗಲಿಲ್ಲ, ಅದಕ್ಕೇ ಈ ಅಳು, ಈ ನಡುಕ. ಇದು ಫಿಟ್ಸು ಅಲ್ಲ ಎಂದು ತೋರಿಸಲು ಕೂಸಿನ ನಡುಗುವ ಕೈಯನ್ನು ಮೆಲ್ಲಗೆ ಹಿಡಿದು ಮಡಿಸಿದರು. ನಡುಕ ನಿಂತಿತು. “ಫಿಟ್ಸ್ ಇದ್ರ ಹಿಂಗ ಹಿಡದ್ರ ನಿಲ್ಲಂಗಿಲ್ಲ, ನೋಡ್ರಿ.” ಬೆನ್ನಿನ ನೀರಿನ ಮಾತು ಸದ್ಯಕ್ಕೆ ಬಿಟ್ಟು, ರಕ್ತದ ಉಳಿದ ವರದಿ ಬರುವವರೆಗೆ ಇಲ್ಲೇ ಇಟ್ಟುಕೊಂಡು ನೋಡೋಣ ಎಂದರು.

ಅವ್ವ ನೆಲದ ಮೇಲೆ ಕೂತುಬಿಟ್ಟಳು. “ಅಂದ್ರ ನಾನೇ ಕೂಸಿನ ಬಾಯಿಂದ ಕಸಗೊಂಡ್ನೇನ್ರಿ?”

“ನಿಮಗ ಯಾರು ಹೇಳಿದ್ರು ಅವ್ವಾ? ನೀವು ಯಾರಿಗಿ ಕೇಳಿದ್ರಿ?” ಎಂದರು ಡಾಕ್ಟರು, ಸಿಟ್ಟಿಲ್ಲದೆ. ಆ ಮಾತು ಅವ್ವನಿಗಿಂತ ಹೆಚ್ಚು ನನಗೆ ತಾಗಿತು. ಆಮೇಲೆ ನನ್ನ ಕಡೆ ತಿರುಗಿ, “ನೀವು ಗುಳಿಗಿ ಬಿಟ್ಟಿದ್ರ ಇನ್ನೂ ಕೆಡ್ತಿತ್ತು. ಬಿದ್ದಿದ್ರ ಇಬ್ಬರಿಗೂ ಕಷ್ಟ. ತಗೊಂಡದ್ದು ತಪ್ಪಲ್ಲ, ಹೇಳಬೇಕಿತ್ತು” ಎಂದರು.

ಅತ್ತೆ ನನ್ನನ್ನು ದಾಟಿಕೊಂಡು ನಡೆದರು. ಹೊರಗೆ ಬಂದ ಮೇಲೆ ಮಗನ ಮುಂದೆ ನಿಂತರು. “ನಿನಗ ಗೊತ್ತಿತ್ತು.”

“ಹೂಂ, ಯವ್ವಾ.”

“ಎಷ್ಟು ದಿನದಿಂದ?”

ಇವರು ಹೇಳಿದರು. ಅತ್ತೆ ಸೆರಗು ತಲೆ ಮೇಲೆ ಎಳೆದುಕೊಂಡು ಕ್ರೂಸರ್ ಹತ್ತಿ ಶಹಾಬಾದಕ್ಕೆ ಹೊರಟುಹೋದರು. ಅವರ ಬಾಯಿ ಅಷ್ಟು ಹೊತ್ತು ಮುಚ್ಚಿದ್ದನ್ನು ನಾನು ಅಂದೇ ನೋಡಿದ್ದು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಆಸ್ಪತ್ರೆಯ ಒಂದು ಮೂಲೆಯ ಕೋಣೆ ನಮಗೆ ಕೊಟ್ಟರು. ಪರದೆ ಇಳಿಸಿ, ಸದ್ದು ಮಾಡದೆ, ಕೂಸನ್ನು ಬಟ್ಟೆಯಲ್ಲಿ ಗಟ್ಟಿಯಾಗಿ ಸುತ್ತಿ ನನ್ನ ಬರೀ ಎದೆಯ ಮೇಲೆ ಮಲಗಿಸಿಕೊಳ್ಳಬೇಕು. ನನ್ನದೇ ಗುಳಿಗೆಯ ಔಷಧವನ್ನು ಹನಿ ಲೆಕ್ಕದಲ್ಲಿ ಕೊಟ್ಟು, ಮೆಲ್ಲಗೆ ಇಳಿಸುತ್ತ ಹೋಗುವುದು. ಮೊದಲ ಸಲ ಎದೆಗೆ ಹಾಕಿಕೊಂಡಾಗ ಕೂಸು ಅದರ ಬಳಕೆಯಿಲ್ಲದೆ ಮುಖ ತಿರುಗಿಸಿತು. ಅದು ನನಗೆ ಸಲ್ಲಬೇಕಾದದ್ದೇ ಎನ್ನಿಸಿತು. ನರ್ಸು ಬಿಡಲಿಲ್ಲ, ಮತ್ತೆ ಮತ್ತೆ ಹಚ್ಚಿಸಿದಳು. ಕೊನೆಗೆ ಹಿಡಿಯಿತು. ಹಿಡಿದ ಮೇಲೆ ಅದರ ಹಣೆಯ ಗಂಟು ಬಿಚ್ಚಿತು, ನನಗೆ ಅಳು ತಡೆಯಲಾಗಲಿಲ್ಲ. ನರ್ಸು, “ಅಳಬ್ಯಾಡ್ರಿ, ಕೂಸಿಗಿ ಸಪ್ಪಳಾಗ್ತದ” ಎಂದಳು. ನಾನು ಸಪ್ಪಳವಿಲ್ಲದೆ ಕಣ್ಣೀರು ಹಾಕಿದೆ.

ರಕ್ತದ ವರದಿಗಳಲ್ಲಿ ಸೋಂಕು ಇರಲಿಲ್ಲ. ನಡುಕ ಒಂದು ದಿನ ಕಡಿಮೆ, ಒಂದು ದಿನ ಜಾಸ್ತಿ. ಅವ್ವ ಕೋಣೆಯ ಹೊರಗೇ ಕೂತಿರುತ್ತಿದ್ದಳು. ಒಳಗೆ ಬಾ ಎಂದರೆ, “ನನ್ನ ಕೈ ಸರಿ ಇಲ್ಲ” ಎನ್ನುತ್ತಿದ್ದಳು. ಆಕೆಗೆ ನಾನು ಏನು ಸಮಾಧಾನ ಹೇಳಲಿ? ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಊಟ ಮಾಡುತ್ತಿದ್ದೆವು.

ಇವರು ಶಹಾಬಾದಕ್ಕೆ ಹೋಗಿ ಬಂದಾಗ ಒಂದು ಸ್ಟೀಲ್ ಡಬ್ಬಿ ತಂದರು. ಒಳಗೆ ಅಳವಿ ಉಂಡಿ. “ಅವ್ವ ಕೊಟ್ಟಾಳ,” ಎಂದರು. “ಏನಂದ್ರು?” ಎಂದೆ. ಇವರು ಸ್ವಲ್ಪ ಹಿಂಜರಿದು, ತಾಯಿಯ ದನಿಯಲ್ಲೇ ಹೇಳಿದರು: “ಕೂಸಿಗಿ ಹಾಲು ಬರ್ಲಂತ ಕೊಟ್ಟೀನಿ. ಬ್ಯಾರೆ ಏನೂ ತಿಳ್ಕೋಬ್ಯಾಡನ್ನು ಆಕಿಗಿ.” ನಾನು ಬೇರೆ ಏನೂ ತಿಳಿದುಕೊಳ್ಳಲಿಲ್ಲ. ಆದರೆ ಉಂಡಿಯನ್ನು ಚೂರೂ ಬಿಡದೆ ತಿಂದೆ.

ನನ್ನಂಥವರು ಇದನ್ನು ಓದುತ್ತಿದ್ದರೆ ಅವರಿಗೆ ಒಂದು ಮಾತು. ಗುಳಿಗೆಯ ಹೆಸರನ್ನು ಬೇಕೆಂದೇ ಬರೆದಿಲ್ಲ. ಓದಿ ಹೆದರಿ ಯಾರಾದರೂ ತಮ್ಮದನ್ನು ಬಿಟ್ಟುಬಿಟ್ಟಾರು. ಬಿಡಬೇಡಿ. ಬಸಿರು ನೋಡುವ ಡಾಕ್ಟರಿಗೂ ಮಕ್ಕಳ ಡಾಕ್ಟರಿಗೂ ಹೇಳಿ. ಅತ್ತೆಯ ಮುಂದೆ ಆಗದಿದ್ದರೆ ಅತ್ತೆಯನ್ನು ಹೊರಗೆ ಕಳಿಸಲು ಡಾಕ್ಟರಿಗೇ ಹೇಳಿ, ಕಳಿಸುತ್ತಾರೆ. ಆಸ್ಪತ್ರೆಯಲ್ಲಿ ಹೀಗೂ ಕೇಳಬಹುದೆಂದು ನನಗೆ ಯಾರೂ ಹೇಳಿರಲಿಲ್ಲ.

ಕೂಸಿಗೆ ಕಾವ್ಯ ಎಂದು ಹೆಸರಿಟ್ಟೆವು. ಶಹಾಬಾದಕ್ಕೆ ಬಂದ ಮೇಲೂ ಹನಿ ಔಷಧ ಕೆಲವು ವಾರ ನಡೆಯಿತು. ಅತ್ತೆ ನನ್ನ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದರು. ಔಷಧ ಕುಡಿಸುವ ಕೆಲಸವನ್ನು ಮಾತ್ರ ತಾವೇ ಹಿಡಿದರು, ನನ್ನ ಕೈಗೆ ಕೊಡುತ್ತಿರಲಿಲ್ಲ.

ಒಂದು ದಿನ ಮಧ್ಯಾಹ್ನ ಅಂಗಳದಲ್ಲಿ ಕೂತು ಕುಡಿಸುತ್ತಿದ್ದಾಗ ಪಕ್ಕದ ಮನೆಯ ಮಾಬೂಬಿ ಚಾಚಿ ಬಂದರು. “ಏನು ಕುಡಸ್ಲಿಕತ್ತೀರಿ ಅಕ್ಕಾ ಕೂಸಿಗಿ?”

“ಹೊಟ್ಟಿ ಗಾಳಿದು,” ಎಂದರು ಅತ್ತೆ. ಒಂದು ರೆಪ್ಪೆ ಅಲುಗಲಿಲ್ಲ.

ಬಾಗಿಲಲ್ಲಿ ಬಟ್ಟೆ ಮಡಚುತ್ತಿದ್ದ ನನ್ನ ಕೈ ನಿಂತಿತು. ಅಪ್ಪ, ಅವ್ವ, ಇವರು, ಈಗ ಅತ್ತೆ. ಇಷ್ಟೆಲ್ಲ ಜನ ನನ್ನ ಮೇಲಿನ ಪ್ರೀತಿಗೋ ಮನೆಯ ಮಾನಕ್ಕೋ ನನ್ನನ್ನು ಮುಚ್ಚುತ್ತಲೇ ಇದ್ದಾರೆ, ಮತ್ತು ಈಗ ಆ ಮುಚ್ಚಿಗೆ ನನ್ನ ಮಗಳ ಮೇಲೂ ಬರುತ್ತಿದೆ. ಅತ್ತೆ ನನ್ನನ್ನು ತಮ್ಮವಳೆಂದುಕೊಂಡದ್ದು ಅದೇ ಸುಳ್ಳಿನಲ್ಲಿ ಎಂಬುದೂ ನನಗೆ ಗೊತ್ತಾಯಿತು. ಆದರೂ ಹೊರಗೆ ಬಂದು ಹೇಳಿದೆ: “ಗಾಳಿದಲ್ರಿ ಚಾಚಿ. ಫಿಟ್ಸಿನ ಔಷಧ. ನಂದು. ಬಸಿರಿದ್ದಾಗ ನಾ ತಗೊಂತಿದ್ದೆ, ಕೂಸಿಗಿ ರೂಢಿ ಆಗಿತ್ತು. ಈಗ ಬಿಡಸ್ಲಿಕತ್ತೀವಿ.”

ಅತ್ತೆ ತಲೆ ಎತ್ತಲಿಲ್ಲ. ಚಾಚಿ ಗಲ್ಲಕ್ಕೆ ಕೈ ಹಚ್ಚಿದರು. “ಯಾ ಅಲ್ಲಾ! ಕೂಸಿಗೂ ಅದ ಏನು ಮತ್ತ?”

“ಇಲ್ಲಿಲ್ಲ, ಕೂಸಿಗಿಲ್ರಿ!” ಎಂದೆವು ನಾನೂ ಅತ್ತೆಯೂ, ಒಂದೇ ಉಸಿರಿನಲ್ಲಿ. ನಾವಿಬ್ಬರೂ ಹಾಗೆ ಒಂದೇ ದನಿಯಲ್ಲಿ ಮಾತಾಡಿದ್ದು ಅದೇ ಮೊದಲು. ಚಾಚಿ ಸಮಾಧಾನದಿಂದ ಕೂತು ಚಹಾ ಕುಡಿದು ಹೋದರು.

ಹೇಳಿದ್ದು ನಿಜವೇ. ಕೂಸಿಗೆ ಫಿಟ್ಸು ಇಲ್ಲ, ಡಾಕ್ಟರು ಹೇಳಿದ್ದಾರೆ. ಆದರೆ ನನ್ನ ಬಾಯಿಂದ ಆ ಇಲ್ಲ ಎಷ್ಟು ಅವಸರದಿಂದ ಬಿತ್ತು ಎಂದು ನಾನು ಕೇಳಿಸಿಕೊಂಡೆ. ನನ್ನ ರೋಗದ ಹೆಸರು ಹೇಳಿ ಒಂದು ಗುಟುಕು ಚಹಾ ಕುಡಿಯುವಷ್ಟೂ ಹೊತ್ತಾಗಿರಲಿಲ್ಲ. ಕಾವ್ಯ ಅತ್ತೆಯ ತೊಡೆಯ ಮೇಲೆ ಮಲಗಿ ನಮ್ಮಿಬ್ಬರ ಮುಖ ನೋಡುತ್ತಿದ್ದಳು. ಆಕೆಗೂ ಫಿಟ್ಸು ಇದ್ದಿದ್ದರೆ ನಾವಿಬ್ಬರೂ ಏನು ಹೇಳುತ್ತಿದ್ದೆವು? ಉತ್ತರ ನನಗೆ ಗೊತ್ತು. ಅದಕ್ಕೇ ಇದನ್ನು ಬರೆದೆ.